ನಾಲ್ಕನೇ ಮೂಲೆ

ಸಕ್ಕರೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಟೈಲ್ಸ್ ಅಂಗಡಿಯ ಯಜಮಾನರು ಕ್ರೀಮ್ ಬಿಸ್ಕತ್ತಿನ ನಾಲ್ಕು ಡಬ್ಬಿ ತಂದು ಹಜಾರದಲ್ಲಿ ಬಚ್ಚಿಟ್ಟರು. (ಅಡುಗೆಮನೆಯಲ್ಲಿ ಇಡಲಿಲ್ಲ, ಡಾಕ್ಟರ ಮೇಲೆ ಅಷ್ಟು ಗೌರವ.) ವಾರದೊಳಗೆ ಹೆಂಡತಿ ಮೂರನ್ನು ಹಿಡಿದರು: ಸೋಫಾ ಕೆಳಗೊಂದು, ಚಪ್ಪಲಿ ಗೂಡಿನ ಹಿಂದೊಂದು, ಹೊಲಿಗೆ ಯಂತ್ರದ ಅಡಿಯಲ್ಲೊಂದು. ಡಬ್ಬಿಗಳು ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ‘ನಾಲ್ಕು’ ಎಂದು ಅಚ್ಚಾಗಿತ್ತು. ಆ ನಾಲ್ಕನೆಯದು, ಯಜಮಾನರ ಬಾಳಿನ ಕೊನೆಯ ಆಸರೆ, ಅವರ ಕುರ್ಚಿಯ ಇಳಿಬಿದ್ದ ಹೊದಿಕೆಯ ಮರೆಯಲ್ಲಿತ್ತು. ಮನೆಯಲ್ಲಿದ್ದಷ್ಟು ಹೊತ್ತೂ ಅವರು ಕುರ್ಚಿ ಬಿಟ್ಟೇಳುತ್ತಿರಲಿಲ್ಲ.

ಭಾನುವಾರ ಮಗಳು ಗಣಿತದ ನೋಟ್‌ಬುಕ್ ಹಿಡಿದು ಬಂದಳು.

“ಅಪ್ಪಾ, ಮನೆ ನೆಲದ ಮೇಲೇ ಒಂದು ಲೆಕ್ಕ ಮಾಡಿ, ದೊಡ್ಡವರ ಸಹಿ ಹಾಕಿಸ್ಕೊಂಡು ಬರ್ಬೇಕಂತೆ. ಬಾಗಿಲ ಮೂಲೆ ಸೊನ್ನೆ. ಮೊದಲು ಬಲಕ್ಕೆಷ್ಟು ಟೈಲು, ಆಮೇಲೆ ಒಳಕ್ಕೆಷ್ಟು ಟೈಲು. ಸಮಾಂತರ ಚತುರ್ಭುಜದ ಮೂರು ಮೂಲೆ ಕ್ರಮವಾಗಿ (೨,೧), (೮,೩), (೯,೭). ನಾಲ್ಕನೇದು?”

“ಇದೇನು ಮಹಾ! ಮೂವತ್ತು ವರ್ಷದ ಕಸುಬು ನಂದು. ಎದುರುಬದುರು ಮೂಲೆ ಕೂಡಿಸಿದ್ರೆ ಎರಡು ಜೋಡಿನೂ ಸಮ ಇರ್ಬೇಕು. ಎರಡೂ ಒಂಬತ್ತೂ ಹನ್ನೊಂದು, ಎಂಟು ಕಳೆ, ಮೂರು. ಒಂದೂ ಏಳೂ ಎಂಟು, ಮೂರು ಕಳೆ, ಐದು. ಬರ್ಕೋ, (೩,೫)!”

“ಅಬ್ಬಾ! ಇಷ್ಟು ಬುದ್ಧಿವಂತರು ಅಂತ ಗೊತ್ತೇ ಇರ್ಲಿಲ್ಲ ರೀ,” ಎಂದರು ಹೆಂಡತಿ. ಯಜಮಾನರು ಉಬ್ಬಿದರು. ಹೆಂಡತಿ ಮಗಳತ್ತ ತಿರುಗಿದರು: “ಬೇರೆ ಉತ್ತರ ಬರಲ್ವೇನೇ?”

“ಕ್ರಮ ಬದಲಾಯಿಸಿದ್ರೆ ಇನ್ನೆರಡು ಬರುತ್ತಮ್ಮಾ. ಒಂದು ಬೀದಿಲಿ, ಇನ್ನೊಂದು ಪಕ್ಕದ ಮನೆ ಬಚ್ಚಲಲ್ಲಿ.”

“ಅಲ್ಲೆಲ್ಲಾ ಹೋಗಿ ಇಡೋ ಧೈರ್ಯ ಇವರಿಗೆಲ್ಲಿದೆ!”

ಇಡೋದು? ಯಜಮಾನರ ಉಬ್ಬು ಇಳಿಯುವಷ್ಟರಲ್ಲಿ ಮಗಳು ಬಾಗಿಲ ಮೂಲೆಯಿಂದ ಬಲಕ್ಕೆ ಮೂರು, ಒಳಕ್ಕೆ ಐದು ಟೈಲು ಎಣಿಸಿ ನಡೆದು, ಅವರ ಮೊಣಕಾಲಿಗೆ ಬಂದು ನಿಂತಿದ್ದಳು.

“ಏಳಿ ಅಪ್ಪಾ.”

“ಲೆಕ್ಕದ ಮೂರು ಮೂಲೆ ಅಂದ್ರೆ ಸಿಕ್ಕಿದ ಮೂರು ಡಬ್ಬಿ ಜಾಗ, ನೋಡಿದ್ರೇನೇ ತಿಳೀತು,” ಹೆಂಡತಿ ಹೊದಿಕೆ ಎತ್ತಿದರು. “ಅಂಕುಡೊಂಕಾಗಿ ಇಟ್ಟಿದ್ರೆ ನಿಮಗೆ ನಿದ್ದೆ ಬರ್ತಿತ್ತಾ?”

ಯಜಮಾನರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬೆರಗು. ತಾವೇ ಹಾಸಿಸಿದ ನೆಲವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಇಷ್ಟು ವರ್ಷ ತುಳಿದರೂ ತುಟಿಪಿಟಕ್ಕೆನ್ನದ ಟೈಲುಗಳು ಆರು ಅಂಕಿ ಕೇಳಿದ್ದೇ ತಡ, ಎಲ್ಲವನ್ನೂ ಬಾಯಿಬಿಟ್ಟಿದ್ದವು.

“ಪುಟ್ಟೀ... ಕಣ್ಣಲ್ಲಿ ನೋಡ್ದೇನೇ ಇಷ್ಟೆಲ್ಲಾ ಗೊತ್ತಾಗುತ್ತಾ?”

“ಗೊತ್ತಾಗುತ್ತಪ್ಪಾ. ಲೆಕ್ಕ ಮಾಡಿದ್ದೂ ನೀವೇ ಅಲ್ವಾ? ಸಹಿ ಹಾಕಿ.”

ಡಬ್ಬಿ ಅಡುಗೆಮನೆಯತ್ತ ಹೋಗುತ್ತಿತ್ತು. ಯಜಮಾನರು ಪೆನ್ನು ತೆಗೆದುಕೊಂಡು, ಉತ್ತರದ ಕೆಳಗೆ ಭಯಭಕ್ತಿಯಿಂದ ಬರೆದರು: ‘ಪರೀಕ್ಷಿಸಿ ನೋಡಲಾಗಿದೆ. ಸರಿಯಾಗಿದೆ.’