ಕಂಪನಿ ಹೇಳಿದ ಏಕಾದಶಿ

ಎಲ್ಲದಕ್ಕೂ ಕಾರಣ ಒಂದು ಕಟ್ಟು ಅಗಸೆ ಸೊಪ್ಪು.

ಗದ್ವಾಲದ ಕೋಟೆಯ ಹಿಂದಿನ ಓಣಿಯಲ್ಲಿ ವಿಜಯೀಂದ್ರ ಆ ಕಟ್ಟನ್ನು ಕೈಯಲ್ಲಿ ಹಿಡಿದು ಬೆಳಿಗ್ಗೆ ಏಳಕ್ಕೆ ಸಂತೆಯಿಂದ ಮನೆಗೆ ಬರುತ್ತಿದ್ದ. ಇವತ್ತು ಏಕಾದಶಿ. ನಾಳೆ ದ್ವಾದಶಿಯ ಪಾರಣೆಗೆ ಅಗಸೆ ಪಲ್ಯ, ಹೆಸರುಬೇಳೆ ತೊವ್ವೆ, ಬಿಸಿ ಅನ್ನ, ಮೇಲೆ ಎರಡು ಚಮಚ ತುಪ್ಪ. ಉಪವಾಸ ಶುರುವಾಗಿ ಎರಡು ತಾಸೂ ಆಗಿರಲಿಲ್ಲ, ಅವನ ಮನಸ್ಸು ಆಗಲೇ ನಾಳೆಯ ಎಲೆಯ ಮುಂದೆ ಹೋಗಿ ಕೂತಿತ್ತು.

"ಏನೋ ವಿಜಯೀಂದ್ರಾ, ಇವತ್ತs ಅಗಸಿ ಸೊಪ್ಪು ತಂದಿ? ಬಾಡಿ ಹೋಗ್ತದಲ್ಲೋ, ಪಾರಣಿ ನಾಡಿದ್ದು" ಎಂದರು ಪಕ್ಕದ ಮನೆಯ ಜಯಾಬಾಯಿ, ಕಾಂಪೌಂಡಿನ ಆಚೆಯಿಂದ. ಅವರ ಹಿತ್ತಲಲ್ಲಿ ದೊಡ್ಡ ಒಲೆ ಹೊತ್ತಿತ್ತು, ಕಡಲೆಬೇಳೆ ಬೇಯುತ್ತಿತ್ತು. ಮಗಳು ಹೆತ್ತು ಹದಿಮೂರನೆಯ ದಿನ, ಮೊಮ್ಮಗನ ತೊಟ್ಟಿಲು. ಇಡೀ ಓಣಿಗೆ ಹೋಳಿಗೆ ಊಟ.

ವಿಜಯೀಂದ್ರ ಗಕ್ಕನೆ ನಿಂತ. "ಜಯಕ್ಕಾ, ನಾಡಿದ್ದಲ್ಲ, ನಾಳೆ. ಇವತ್ತು ಏಕಾದಶಿ. ನೀವು ಇವತ್ತು ಹೋಳಿಗಿ ಮಾಡ್ಲಿಕ್ಕೆ ಹತ್ತೀರಿ?"

"ಇವತ್ತು ಎಲ್ಲಿ ಏಕಾದಶಿ? ನಾಳೆ. ನಮ್ಮ ಅಳಿಯಂದಿರ ಫೋನಿನಾಗ ಬಂದದ."

ಇಲ್ಲಿಗೆ ಜಗಳ ತೊಟ್ಟಿಲಿಗಿಂತ ಮೊದಲೇ ತೂಗಲು ಶುರುವಾಯಿತು.

ವಿಜಯೀಂದ್ರ ಜೂನಿಯರ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಸಿಸ್ಟೆಂಟು. ಅವನಿಗೆ ಎರಡೇ ಶ್ರದ್ಧೆ, ರಾಯರು ಮತ್ತು ಓಪನ್ ಸೋರ್ಸು. ಯಾವ ಪ್ರೋಗ್ರಾಮಿನ ಒಳಗೆ ಏನಿದೆಯೆಂದು ಬರೆದವರು ಎಲ್ಲರಿಗೂ ತೆರೆದು ತೋರಿಸುತ್ತಾರೋ, ಯಾರು ಬೇಕಾದರೂ ಓದಿ ತಿದ್ದಬಹುದೋ, ಅದನ್ನು ಮಾತ್ರ ಅವನು ಮುಟ್ಟುತ್ತಿದ್ದ. ಕಂಪನಿಗಳ ಸಾಫ್ಟ್‌ವೇರ್ ಎಂದರೆ ಅವನಿಗೆ ಮೈಲಿಗೆ. ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳಿಂದ ಕಂಪನಿ ಸರಕನ್ನೆಲ್ಲ ಕಿತ್ತುಹಾಕಿದ್ದಕ್ಕೆ ಪ್ರಿನ್ಸಿಪಾಲರು ಕರೆದು ಬೈದಾಗಲೂ ಅವನು ತಲೆ ತಗ್ಗಿಸಿರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಓಪನ್ ಸೋರ್ಸಿನದೇ ಒಂದು ಪಂಚಾಂಗದ ಪ್ರೋಗ್ರಾಮಿತ್ತು. ಯುಗಾದಿಯ ದಿನ ಮಾಳಿಗೆ ಹತ್ತಿ, ನೀರಿನ ಟಾಕಿಯ ಹಿಂದಿನಿಂದ ಸೂರ್ಯ ಮೂಡುವುದನ್ನು ಗಡಿಯಾರ ಹಿಡಿದು ನೋಡಿ, ಅದನ್ನು ನಿಮಿಷಕ್ಕೆ ನಿಮಿಷ ತಾಳೆ ಮಾಡಿಟ್ಟಿದ್ದ.

ನಿಮಿಷಕ್ಕೆ ಅಷ್ಟು ಬೆಲೆ ಯಾಕೆಂದರೆ, ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲಿನ ಅರುಣೋದಯಕ್ಕೆ ದಶಮಿ ಚೂರೇ ಚೂರು ಉಳಿದಿದ್ದರೂ ಮಾಧ್ವರಿಗೆ ಉಪವಾಸ ಅವತ್ತಲ್ಲ, ಮರುದಿನ. ಸೂರ್ಯ ಯಾವ ಊರಲ್ಲಿ ಎಷ್ಟಕ್ಕೆ ಏಳುತ್ತಾನೆಂಬುದರ ಮೇಲೆ ಇಡೀ ಓಣಿಯ ಹೊಟ್ಟೆ ನಿಂತಿರುತ್ತದೆ.

ಅಷ್ಟರಲ್ಲಿ ಜಯಾಬಾಯಿಯ ಅಳಿಯ ರಾಘು ಹೊರಗೆ ಬಂದ. ನಾರಾಯಣಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಓಣಿಯ ಎಲ್ಲ ಫೋನುಗಳಿಗೂ ಪಂಚಾಂಗದ ಆ್ಯಪ್ ಹಾಕಿಕೊಟ್ಟವನು ಅವನೇ.

"ಅಣ್ಣಾ, ನೋಡ್ರಿ" ಎಂದು ಫೋನು ಮುಂದೆ ಹಿಡಿದ. "ತೆಲಂಗಾಣ, ಗದ್ವಾಲ. ದಶಮಿ ಮುಟ್ಟ್ಯದ, ಉಪವಾಸ ನಾಳೆ. ಕಂಪನಿಯವರು ದಡ್ಡರೇನು? ಎಸಿ ರೂಮಿನಾಗ ನೂರು ಮಂದಿ ಕುಂತು ಮಾಡ್ಯಾರ."

"ನೂರು ಮಂದಿ ಬಾಗಿಲಾ ಹಾಕ್ಕೊಂಡು ಮಾಡ್ಯಾರ! ಒಳಗ ಏನದ ಅಂತ ನಿಮಗ ತೋರಿಸ್ಯಾರೇನು? ಸಾರಿನ ಪುಡಿ ಪಾಕೀಟು ಇದ್ದಂಗ ಅದು. ಓಪನ್ ಸೋರ್ಸ್ ಅಂದ್ರ ಜಯಕ್ಕನ ಮನಿ ಸಾರಿನ ಪುಡಿ. ಏನೇನು ಹಾಕ್ಯಾರ ಅಂತ ಕೇಳಿದವರಿಗೆ ಹೇಳ್ತಾರ."

"ನನ್ನ ಸಾರಿನ ಪುಡಿ ನಾ ಯಾರಿಗೂ ಹೇಳೂದಿಲ್ಲಪಾ" ಎಂದರು ಜಯಾಬಾಯಿ ತಟ್ಟನೆ. "ಮತ್ತ ಪುಕ್ಕಟೆ ಸಿಗೋದು ಎಲ್ಲಿ ನೆಟ್ಟಗಿರ್ತದ?"

ಎದುರು ಮನೆಯ ಮಲ್ಲಣ್ಣ ಹತ್ತಿಬೀಜದ ವ್ಯಾಪಾರಿ. ಹಣೆತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು ಬೇವಿನಕಡ್ಡಿ ಅಗಿಯುತ್ತಿದ್ದವನು ಖುಷಿಯಿಂದ ಎದ್ದು ಬಂದ. "ನಮಗ ಶಿವರಾತ್ರಿ ಒಂದs ಐತ್ರಿ, ಅದಕ್ಕ ಫೋನ್ ಬೇಕಾಗಿಲ್ಲ. ನಿಮ್ಮದು ಮುಗಿಯೂತನಕ ನಾ ಬೀಜ ತೂಗಾಕ ಹೋಗಂಗಿಲ್ಲ, ನಡೀಲಿ."

ವಿಜಯೀಂದ್ರ ರಾಯಚೂರಿನ ಸೋದರಮಾವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಇಟ್ಟ. "ಇಲ್ಲಿ ಇವತ್ತs ಏಕಾದಶಿ" ಎಂದಿತು ಮಾವನ ಹಸಿದ ದನಿ.

"ಕೇಳಿದ್ರಲ್ಲ!"

ರಾಘು ನಕ್ಕ. "ರಾಯಚೂರು ಕರ್ನಾಟಕ, ಅಣ್ಣಾ. ನಮಗ ರಾಜ್ಯ ಬಂದು ಎರಡು ವರ್ಷ ಆತು. ಇನ್ನೂ ಮಂದಿ ಸೂರ್ಯನ್ನ ನೋಡಿ ನಾವು ಉಪವಾಸ ಮಾಡಬೇಕೇನು? ಮನ ತೆಲಂಗಾಣ, ಮನ ಸೂರ್ಯುಡು! ನಮ್ಮ ತೆಲಂಗಾಣ, ನಮ್ಮ ಸೂರ್ಯ!"

ಓಣಿ ಹೋ ಎಂದಿತು. ಹೋಳಿಗೆಯ ವಾಸನೆ ಬರುತ್ತಿರುವಾಗ ಇಂಥ ವಾದ ಯಾರಿಗೆ ಒಪ್ಪಿಗೆಯಾಗುವುದಿಲ್ಲ?

ಅಚ್ಚಿನ ಪಂಚಾಂಗ ನೋಡಿಬಿಡೋಣವೆಂದರೆ, ಆ್ಯಪ್ ಬಂದ ಮೇಲೆ ಯಾರೂ ಅದನ್ನು ತರಿಸಿರಲಿಲ್ಲ. ಇದ್ದದ್ದು ಮಠದ ಆಚಾರ್ಯರ ಹತ್ತಿರ ಒಂದೇ. ವಿಜಯೀಂದ್ರ ಮಠಕ್ಕೆ ಓಡಿದ. ಬೀಗ. ಆಚಾರ್ಯರು ಮಂತ್ರಾಲಯಕ್ಕೆ ಹೋಗಿದ್ದಾರೆ, ಮಧ್ಯಾಹ್ನ ಅಯಿಜ ಊರಿನ ಮೇಲೆ ಬರುವ ಬಸ್ಸಿಗೆ ಬರುತ್ತಾರೆ, ಪಂಚಾಂಗ ಅವರ ಚೀಲದಲ್ಲಿದೆ, ಅವರು ಫೋನು ಇಟ್ಟುಕೊಂಡವರಲ್ಲ ಎಂದು ಹೂವಿನ ಪೆಂಟಮ್ಮ ಹೇಳಿದಳು.

ಮನೆಗೆ ಬಂದರೆ ಪದ್ಮಶ್ರೀ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. "ರೀ, ಜಯಕ್ಕನ ಮನಿ ಕಾರ್ಯ ಬಿಡ್ಲಿಕ್ಕೆ ಆಗೂದಿಲ್ಲ. ನಾ ಬರೇ ಬಾಳಿಹಣ್ಣು, ಶೇಂಗಾ ತಿಂತೀನಿ. ಇವತ್ತು ಏಕಾದಶಿ ಆದ್ರೂ ನಡೀತದ, ನಾಳೆ ಆದ್ರೂ ನಡೀತದ. ನೀವೂ ಬಂದು ಸುಮ್ನ ಕೂಡ್ರಿ."

"ಬರ್ತೀನಿ. ಆದ್ರ ಸುಮ್ನ ಕೂಡೂದಿಲ್ಲ" ಎಂದ ವಿಜಯೀಂದ್ರ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು.

ತೊಟ್ಟಿಲು ತೂಗಿದರು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು, ಎಲೆ ಹಾಕಿದರು. ಎಲೆಗಳ ಸಾಲಿನ ತಲೆಯಲ್ಲಿ ನಿಂತು ವಿಜಯೀಂದ್ರ ಕೈ ಜೋಡಿಸಿದ. "ಎಲ್ಲರಿಗೂ ಹೇಳ್ತೀನಿ, ಮಧ್ಯಾಹ್ನ ಆಚಾರ್ರು ಬರೂತನಕ ತಡೀರಿ. ಬರೇ ಎರಡು ತಾಸು."

ಯಾರೋ ಪಿಸಕ್ಕೆಂದು ನಕ್ಕರು. ಜಯಾಬಾಯಿಯ ಮುಖ ಕೆಂಪಾಯಿತು, ಅಳಿಯನ ಮಾತಿಗೆ ಎಲೆಯ ಮುಂದೆಯೇ ಅಡ್ಡಬರುವುದೆಂದರೇನು! "ಉಣ್ಣೂದಿಲ್ಲ ಅಂದ್ರ ನಿನಗ ಕೈ ಖಾಲಿ ಅವ. ತಗೋ, ಬಡಿಸು" ಎಂದು ಹೋಳಿಗೆಯ ಬುಟ್ಟಿಯನ್ನು ಅವನ ಕೈಗೆ ಕೊಟ್ಟೇಬಿಟ್ಟರು.

ಹಿರಿಯರ ಮಾತು. ವಿಜಯೀಂದ್ರ ಬಡಿಸಿದ. ಮೊದಲನೆಯ ಸಾಲಿಗೆ ಹೋಳಿಗೆ, ಎರಡನೆಯ ಸಾಲಿಗೆ ತುಪ್ಪ. ಮೂರನೆಯ ಸುತ್ತಿಗೆ ಅವನ ಹೊಟ್ಟೆ ಗುಡುಗಿದ್ದು ಮಗು ಬೆಚ್ಚಿಬೀಳುವಷ್ಟು ಜೋರಾಗಿತ್ತು. "ಅಣ್ಣಾ, ಇನ್ನೊಂದು ಇಕ್ರಿ" ಎಂದು ರಾಘು ಬೇಕೆಂದೇ ಐದು ಸಲ ಕರೆದ. "ಎಷ್ಟು ಮೆತ್ತಗ ಆಗ್ಯಾವ ನೋಡ್ರಿ! ಓಹ್, ನೀವು ನೋಡೂದಷ್ಟs ಅಲ್ಲೇನು?"

ಐದನೆಯ ಹೋಳಿಗೆಯ ಹೊತ್ತಿಗೆ ವಿಜಯೀಂದ್ರನ ಸಹನೆ ತೀರಿತು. ಅವನು ಬುಟ್ಟಿಯನ್ನು ನೆಲಕ್ಕಿಟ್ಟ.

"ಉಣ್ರಿ! ಎಲ್ಲಾರೂ ಉಣ್ರಿ! ಆದ್ರ ಕೇಳ್ರಿ. ನನ್ನ ಪ್ರೋಗ್ರಾಮು ತಪ್ಪಾದ್ರ ನಾ ಅದನ್ನ ಅಳಿಸಿಹಾಕಿ ಇವರ ಕಡಿಂದನs ಕಂಪನಿ ಆ್ಯಪ್ ಹಾಕಿಸ್ಕೋತೀನಿ. ಕಂಪನಿ ತಪ್ಪಾದ್ರ, ಆ ತಪ್ಪು ಬರದ ಮನಷ್ಯಾ ಯಾರs ಇರ್ಲಿ, ಎಷ್ಟು ದೊಡ್ಡವನs ಇರ್ಲಿ, ನಿಮ್ಮೆಲ್ಲರ ಪಾಪಕ್ಕ ಬದಲಿ ನಾಳೆ ಇಡೀ ದಿನ ಮಠದ ಕಟ್ಟಿ ಮ್ಯಾಲ ಕುಂತು ಉಪವಾಸ ಮಾಡಬೇಕು! ಒಂದು ಅಗಳು ಮುಟ್ಟಬಾರದು!"

"ಆಗ್ಲಿ! ಮಂಜೂರು" ಎಂದ ರಾಘು, ಬೆರಳು ನೆಕ್ಕುತ್ತ.

ಊಟವಾಗಿ ಎಲೆ ಎತ್ತಿ, ಎಲ್ಲರೂ ಅಡಿಕೆ ಜಗಿಯುತ್ತ ಹಜಾರದಲ್ಲಿ ಒರಗಿದ್ದಾಗ ಆಚಾರ್ಯರು ಬಂದರು. ಹೆಗಲಲ್ಲಿ ಚೀಲ, ಮುಖದಲ್ಲಿ ಬಿಸಿಲು. ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು.

"ಏನಿದು? ತುಪ್ಪದ ವಾಸನಿ? ಏಕಾದಶಿ ದಿನ ಹೋಳಿಗಿ ಉಂಡೀರೇನು ನೀವು?"

ಅಡಿಕೆ ಜಗಿಯುವ ಸಪ್ಪಳ ಒಮ್ಮೆಗೇ ನಿಂತಿತು. ಆಚಾರ್ಯರು ಚೀಲದಿಂದ ಪಂಚಾಂಗ ತೆಗೆದು ಬೆರಳಿಟ್ಟು ತೋರಿಸಿದರು. ಅರುಣೋದಯಕ್ಕೆ ಆರು ನಿಮಿಷ ಮೊದಲೇ ದಶಮಿ ಮುಗಿದಿದೆ. ಶುದ್ಧ ಏಕಾದಶಿ, ಇವತ್ತೇ.

ವಿಜಯೀಂದ್ರನ ಎದೆ ಅಗಲವಾಯಿತು. ಹಸಿವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಜಯಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುವುದೊಂದು ಬಾಕಿ. "ಆಚಾರ್ರೇ, ಇಡೀ ಓಣಿ ಉಂಡದ. ಏನು ಗತಿ?"

"ಗತಿ ಏನು? ಉಂಡವರೆಲ್ಲ ನಾಳೆ ಉಪವಾಸ."

"ಬ್ಯಾಡ್ರಿ, ಇವರದೇನು ತಪ್ಪದ?" ಎಂದ ವಿಜಯೀಂದ್ರ, ಉದಾರವಾಗಿ. ಮುಂಜಾನೆಯಿಂದ ನಡೆದದ್ದನ್ನೆಲ್ಲ ಹೇಳಿದ, ಪಂತವನ್ನೂ ಹೇಳಿದ.

ಆಚಾರ್ಯರು ಗಡ್ಡ ಕೆರೆದುಕೊಂಡರು. "ಮಾತು ಖರೆ ಅದ. ಇವರು ತಿಳೀದs ಉಂಡವರು, ತಪ್ಪು ಬರದವ ಬ್ಯಾರೆ. ಪಾಪ ಬರದವಂದು. ಆದ್ರ ಅವ ಸಿಗಬೇಕಲ್ಲ? ಎಲ್ಲಿ ಎಸಿ ರೂಮು, ಎಲ್ಲಿ ನಮ್ಮ ಕಟ್ಟಿ!"

"ಅಲ್ಲೇ ಅದ ನೋಡ್ರಿ ಕಂಪನಿಗಳ ಕಳ್ಳತನ!" ವಿಜಯೀಂದ್ರ ಸಂದರ್ಭ ಬಿಡಲಿಲ್ಲ. ಸಭೆ ಇತ್ತು, ಶತ್ರು ಬಿದ್ದಿದ್ದ. "ನಮ್ಮ ಓಪನ್ ಸೋರ್ಸಿನಾಗ ಒಂದು ಸಾಲು ಬರದ್ರೂ ಬರದವನ ಹೆಸರು ಇರ್ತದ. ನಮ್ಮ ಕೋಡು ಯಾರು ಬೇಕಾದ್ರೂ ತಗೋಬಹುದು, ಆದ್ರ ಕೊಟ್ಟವನ ಹೆಸರು ಹಾಕಬೇಕು, ಇದು ಧರ್ಮ. ಈ ಕಂಪನಿ ಹಾಕ್ಯದೇನು ಕೇಳ್ರಿ! ರಾಘು, ತಗೀರಿ ನಿಮ್ಮ ಆ್ಯಪು. ಕಡೀ ಪುಟ ತಗೀರಿ. ಓದ್ರಿ ಎಲ್ಲರಿಗೂ ಕೇಳಂಗ!"

ರಾಘು ಸೋತ ಮುಖದಿಂದ ಫೋನು ತೆಗೆದು ಕೆಳಗೆ, ಇನ್ನೂ ಕೆಳಗೆ ಸರಿಸಿದ. "ಏನೋ ಸಣ್ಣ ಅಕ್ಷರದಾಗ ಅದ... ಈ ಆ್ಯಪಿನಲ್ಲಿ ಬಳಸಿದ ಓಪನ್ ಸೋರ್ಸ್ ಕೋಡಿಗೆ ಕೃತಜ್ಞತೆಗಳು. ತೆಲಂಗಾಣದ ಊರುಗಳ ಪಟ್ಟಿ, ಸೂರ್ಯೋದಯದ ಲೆಕ್ಕ..." ರಾಘು ತಲೆ ಎತ್ತಿದ. ಮತ್ತೆ ಫೋನು ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ಹುಣ್ಣಿಮೆ ಮೂಡಿತು. "ವಿಜಯೀಂದ್ರ, ಗದ್ವಾಲ."

ವಿಜಯೀಂದ್ರನಿಗೆ ಎಲ್ಲ ನೆನಪಾಯಿತು.

ರಾಜ್ಯ ಬಂದ ದಿನ. ಜೂನ್ ಎರಡು. ಊರೆಲ್ಲ ಪಟಾಕಿ, ಗುಲಾಲು. ತಾನೂ ಏನಾದರೂ ಮಾಡಬೇಕೆಂದು ಅವನು ಆ ಪಂಚಾಂಗದ ಪ್ರೋಗ್ರಾಮನ್ನು ತೆರೆದು, ಊರುಗಳ ಪಟ್ಟಿಯಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳನ್ನು ಆಂಧ್ರದಿಂದ ಎತ್ತಿ ತೆಲಂಗಾಣಕ್ಕೆ ಹಾಕಿ, ಎಲ್ಲರಿಗೂ ಸಿಗುವಂತೆ ಕಳಿಸಿದ್ದ. ಕಣ್ಣಲ್ಲಿ ನೀರು ತುಂಬಿತ್ತು. ಆ ನೀರಿನಲ್ಲಿ ಒಂದು ಸಾಲು ಮೇಲೆ ಕೆಳಗಾಗಿ, ಗದ್ವಾಲದ ಮುಂದೆ ಕಡಲದಂಡೆಯ ಮಚಲೀಪಟ್ಟಣದ ರೇಖಾಂಶದ ಅಂಕಿ ಕೂತುಬಿಟ್ಟಿತ್ತು. ಗದ್ವಾಲ ತೆಲಂಗಾಣಕ್ಕೆ ಬಂದಿತ್ತು, ಅದರ ಸೂರ್ಯ ಮಾತ್ರ ಆಂಧ್ರದ ಕಡಲಿನಲ್ಲೇ, ಹದಿಮೂರು ನಿಮಿಷ ಮೊದಲು, ಏಳುತ್ತಿದ್ದ.

"ಅಂದ್ರ ಊರ ಪಟ್ಟಿ ನಿಂದು?" ಎಂದರು ಆಚಾರ್ಯರು.

ಸುಳ್ಳು ಹೇಳಬಹುದಿತ್ತು. ಆದರೆ ಬರೆದದ್ದನ್ನು ಬಚ್ಚಿಡುವವನಾಗಿದ್ದರೆ ಅವನು ವಿಜಯೀಂದ್ರನೇ ಅಲ್ಲ. "ನಂದs" ಎಂದು ಎಲ್ಲವನ್ನೂ ಹೇಳಿದ.

"ಅಯ್ಯೋ ಶಿವನೇ!" ಎಂದು ಬಾಗಿಲಲ್ಲಿದ್ದ ಮಲ್ಲಣ್ಣ ಹೊಟ್ಟೆ ಹಿಡಿದುಕೊಂಡ. "ಎರಡು ವರ್ಸ ಆತು, ಈ ಫೋನಿನಾಗ ನಾವು ಇನ್ನೂ ಸಮುದ್ರದ ದಂಡಿಗೇ ಅದೀವಿ. ಮೀನರೆ ಹಿಡಿಯಾಕ ಹೋಗ್ತಿದ್ವಿ!"

ರಾಘು ಮಾತ್ರ ನಗಲಿಲ್ಲ, ಹುಬ್ಬು ಗಂಟಿಕ್ಕಿದ. "ಒಂದು ನಿಮಿಷ. ನಮ್ಮ ಆ್ಯಪಿನಾಗ ನಿಮ್ಮ ತಪ್ಪು ಇದ್ರ, ನಿಮ್ಮ ಪ್ರೋಗ್ರಾಮು ಸರಿ ಹೆಂಗ ಆತು ಅಣ್ಣಾ?"

ಉತ್ತರ ಕೊಟ್ಟವಳು ಪದ್ಮಶ್ರೀ. ಕೈಯಲ್ಲಿ ಶೇಂಗಾ ಹಿಡಿದು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದಳು. "ಯುಗಾದಿ ದಿನ ಮಾಳಿಗಿ ಮ್ಯಾಲ ಸೂರ್ಯ ತಡಾ ಆಗಿ ಬಂದಾನಂತ ಏನೋ ತಿದ್ದಿದ್ರಲ್ರೀ? ಅದನ್ನ ಎಲ್ಲಾರಿಗೂ ಕಳಸಬೇಕು, ಇವತ್ತು ನೆಟ್ ಇಲ್ಲ, ನಾಳೆ ಕಳಸ್ತೀನಿ ಅಂದಿದ್ರಿ. ಕಳಸಲೇ ಇಲ್ಲೇನು?"

ಯುಗಾದಿಯಾಗಿ ಎಷ್ಟೋ ನಾಳೆಗಳು ಹೋಗಿದ್ದವು.

ಆಚಾರ್ಯರು ಪಂಚಾಂಗ ಮಡಿಚಿದರು. "ಭೇಷ್! ತಪ್ಪು ಊರೆಲ್ಲಕ್ಕ ತೆರದಿಟ್ಟಿ. ಸರಿ ಮಾಡಿದ್ದನ್ನ ನಿನ್ನ ಪೆಟ್ಟಿಗ್ಯಾಗ ಬೀಗಾ ಹಾಕಿ ಇಟ್ಟಿ. ಮತ್ತ ಕಂಪನಿಗೆ ಬೈತಿ."

"ಏನs ಅನ್ರಿ" ಎಂದ ವಿಜಯೀಂದ್ರ, ಕುಗ್ಗದೆ. "ಕಂಪನಿ ನನ್ನ ಹೆಸರು ಹಾಕ್ಯದೋ ಇಲ್ಲೋ? ಹೆಸರು ಹಾಕಿಸಿದ್ದು ಓಪನ್ ಸೋರ್ಸಿನ ಧರ್ಮ!"

"ಹಾಕ್ಯದಪಾ, ಅದಕ್ಕs ಸಿಕ್ಕಿ. ನಾಳೆ ಮುಂಜಾನೆ ಕಟ್ಟಿಗೆ ಬಾ. ದ್ವಾದಶಿ ಪಾರಣಿ ಬಿಡಬಾರದು, ಮೂರು ಉದ್ಧರಣಿ ತೀರ್ಥ ಕೊಡ್ತೀನಿ. ಅದs ನಿನ್ನ ಪಾರಣಿ. ಉಳದವರು ಎಂದಿನಂಗ ಉಣ್ರಿ."

ಓಣಿಗೆ ಓಣಿಯೇ ನಿಟ್ಟುಸಿರು ಬಿಟ್ಟು ಮತ್ತೆ ಅಡಿಕೆ ಜಗಿಯತೊಡಗಿತು. ಇವತ್ತು ಹೋಳಿಗೆ ಉಂಡವರು ನಾಳೆಯೂ ಉಣ್ಣುತ್ತಾರೆ. ಇವತ್ತು ಉಪವಾಸವಿದ್ದವನು ನಾಳೆಯೂ ಉಪವಾಸ.

ಸಂಜೆ ನೆಟ್ ಬಂತು. ವಿಜಯೀಂದ್ರ ಲ್ಯಾಪ್‌ಟಾಪ್ ತೆಗೆದು ಗದ್ವಾಲದ ಸೂರ್ಯನನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟ. ತಪ್ಪು ಯಾರದೆಂದು ಬರೆಯುವ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದ, ಊರನ್ನೂ ಬರೆದ. ಪಡಸಾಲೆಯಲ್ಲಿ ಪದ್ಮಶ್ರೀ ಅಗಸೆ ಸೊಪ್ಪು ಸೋಸುತ್ತಿದ್ದಳು.

"ಪದ್ಮಾ" ಎಂದು ಕಾಂಪೌಂಡಿನ ಆಚೆಯಿಂದ ಜಯಾಬಾಯಿಯ ದನಿ ಬಂತು. "ನಾಳೆ ಅವ ಹ್ಯಾಂಗೂ ಉಣ್ಣೂದಿಲ್ಲ. ಪಲ್ಯ ನಮ್ಮನಿಗೆ ಕಳಸು, ಅಳಿಯಂದಿರಿಗೆ ಸೇರ್ತದ. ಏನೇನು ಹಾಕಿ ಅನ್ನೂದು ಮುಚ್ಚಿಡದs ಹೇಳಬೇಕು ಮತ್ತ. ಓಪನ್ ಸೋರ್ಸು!"

ವಿಜಯೀಂದ್ರ ಎದ್ದು ಕಾಂಪೌಂಡಿನ ತನಕ ಹೋದ. ಹೊಟ್ಟೆ ಗುಡುಗಿತು, ಅವನು ಅದಕ್ಕಿಂತ ಜೋರಾಗಿ ಗುಡುಗಿದ.

"ಬರಕೋರಿ ಜಯಕ್ಕಾ, ಎಲ್ಲಾ ಹೇಳ್ತೀವಿ! ಆದ್ರ ಬಡಿಸಬೇಕಾದ್ರ ಪದ್ಮಶ್ರೀ ಮಾಡಿದ್ದು ಅಂತ ಹೆಸರು ಹೇಳಿ ಬಡಸ್ರಿ!"