ನಮ್ಮ ಲಿಫ್ಟ್ ಬಾಗಿಲಿನ ಗುಟ್ಟನ್ನು ಲೋಕಾರ್ಪಣೆ ಮಾಡಿದ ಮಹನೀಯರಿಗೆ

ಲಿಫ್ಟ್ ತಯಾರಿಸುವ ಮಹಾಸಂಸ್ಥೆಯ ಮುಕ್ತ ತಂತ್ರಾಂಶ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಹನ್ನೊಂದು ಮಂದಿ ಪರಿಶೀಲಕರೂ, ಆ ಪರಿಶೀಲಕರನ್ನು ಪರಿಶೀಲಿಸುವ ಇಬ್ಬರು ಮೇಲಧಿಕಾರಿಗಳೂ ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ಪತ್ರದ ಮರ್ಯಾದೆ. ಆದರೆ ತಮ್ಮ ಕೃಪೆಯಿಂದ ನಮ್ಮ ಮನೆಯ ವಿಷಯ ಈಗ ಲೋಕಕ್ಕೆಲ್ಲ ಗೊತ್ತಾಗಿರುವಾಗ ಸುಳ್ಳು ಬರೆಯಲು ಧೈರ್ಯ ಸಾಲುತ್ತಿಲ್ಲ.

ತಮ್ಮಂಥ ದೊಡ್ಡವರಿಗೆ ನಮ್ಮ ನೆನಪಿರಲಾರದು. ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಒಬ್ಬ ಅಣ್ಣ, ಒಬ್ಬಳು ತಂಗಿ, ಮೂಲೆಯಲ್ಲಿ ಪ್ರಯೋಗಕ್ಕೆಂದು ನಿಲ್ಲಿಸಿದ ಲಿಫ್ಟಿಲ್ಲದ ಒಂದು ಲಿಫ್ಟ್ ಬಾಗಿಲು. ಇಷ್ಟೇ ನಮ್ಮ ಕಂಪನಿ. ಇಪ್ಪತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಗ್ರೀಸಿನಲ್ಲಿ ಕೈ ಅದ್ದಿದ ನಮ್ಮಣ್ಣ, ಆಮೇಲೆ ಹಟ ಹಿಡಿದು ಪ್ರೋಗ್ರಾಮ್ ಬರೆಯಲು ಕಲಿತ. ಬಾಗಿಲು ಯಾವಾಗ ಮುಚ್ಚಬೇಕು, ಯಾವಾಗ ಕಾಯಬೇಕು, ನಡುವೆ ಯಾರದೋ ಕೈ ಬಂದರೆ ಹೇಗೆ ಮತ್ತೆ ತೆರೆಯಬೇಕು ಎಂದು ತೀರ್ಮಾನಿಸುವ ಕೋಡ್ ನಮ್ಮಿಬ್ಬರದು. ಅದನ್ನು ತಮ್ಮ ಲಿಫ್ಟುಗಳಲ್ಲಿ ಬಳಸಿಕೊಳ್ಳಲು ತಾವು ಮೂವತ್ತೊಂದು ಪುಟದ ಒಪ್ಪಂದ ಮಾಡಿಕೊಂಡಿರಿ. ಈ ಕೋಡನ್ನು ಯಾರೂ ಯಾರಿಗೂ ತೋರಿಸಕೂಡದು, ಮನೆಯವರಿಗೂ ತೋರಿಸಕೂಡದು ಎಂದು ಅದರಲ್ಲಿತ್ತು. ಹಾಗಾದರೆ ನಮ್ಮಣ್ಣನಿಗೆ ತೋರಿಸಬಹುದೇ ಎಂದು ತಮ್ಮ ವಕೀಲರನ್ನು ನಾನು ವಿನಯದಿಂದ ಕೇಳಿದ್ದೆ. ಬರೆದವನೇ ಅವನಾದರೂ ಅನುಮತಿ ಬರಲು ಎರಡು ವಾರ ಹಿಡಿಯಿತು.

ಇಷ್ಟು ಮಡಿವಂತಿಕೆಯ ಸಂಸ್ಥೆ ಕಳೆದ ತಿಂಗಳು ಒಂದು ಮಂಗಳವಾರ ನಮ್ಮ ಕೋಡನ್ನು ಪೂರ್ತಿಯಾಗಿ, ಯಾರು ಬೇಕಾದರೂ ಓದಿ ಒಯ್ಯಬಹುದಾದ ಅಂತರ್ಜಾಲದ ತನ್ನ ಸಾರ್ವಜನಿಕ ಭಂಡಾರದಲ್ಲಿ ಇಟ್ಟುಬಿಟ್ಟಿತು. ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ತಮ್ಮ ಸ್ವಂತ ಮಾದರಿ ಪ್ರೋಗ್ರಾಮುಗಳನ್ನು ಪ್ರಕಟಿಸುವುದು ತಮ್ಮ ಉದ್ದೇಶವಾಗಿತ್ತಂತೆ. ಪಕ್ಕದಲ್ಲೇ ಇದ್ದ ನಮ್ಮ ಫೋಲ್ಡರ್ ಕೂಡ ಜೊತೆಗೆ ಹೊರಟಿತು. ಅದರ ಹೆಸರು ‘ಹೊರಗಿನವರದು, ಮುಟ್ಟಬೇಡಿ’ ಎಂದಿತ್ತು. ತಮ್ಮವರು ಮುಟ್ಟಲಿಲ್ಲ ನಿಜ, ಎತ್ತಿಕೊಂಡು ಹೋಗಿ ಬೀದಿಯಲ್ಲಿಟ್ಟರು.

ಇದನ್ನು ಅಜಾಗರೂಕತೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಸಂಸ್ಥೆಯ ಹೆಸರು ತಲೆಯ ಮೇಲಿಲ್ಲದ ಯಾವ ಫೈಲೂ ಹೊರಗೆ ಹೋಗಕೂಡದು ಎಂಬ ಚಿನ್ನದಂಥ ನಿಯಮ ತಮ್ಮಲ್ಲಿದೆ. ನಮ್ಮ ನಾನೂರ ಹನ್ನೆರಡು ಫೈಲುಗಳ ಮೇಲೆ ಆ ಹೆಸರಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಯಾಕಿಲ್ಲ ಎಂದು ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ತಮ್ಮವರು ಅಂಥ ಸಣ್ಣ ವಿಚಾರಕ್ಕೆ ತಲೆ ಕೆಡಿಸಿಕೊಳ್ಳದೆ, ಒಂದು ಗುಂಡಿ ಒತ್ತಿ ಎಲ್ಲ ಫೈಲುಗಳ ಮೇಲೂ ತಮ್ಮ ಹೆಸರನ್ನು ಬರೆಸಿದರು. ಹೀಗಾಗಿ ಈಗ ಪ್ರತಿ ಫೈಲಿನ ಮೊದಲ ಸಾಲು ‘ಇದು ನಮ್ಮ ಸ್ವಂತ ಕೃತಿ, ಯಾರು ಬೇಕಾದರೂ ಬಳಸಬಹುದು’ ಎಂದು ಕೈಬೀಸಿ ಕರೆಯುತ್ತದೆ, ನಾವು ಮೊದಲೇ ಬರೆದಿದ್ದ ಎರಡನೆಯ ಸಾಲು ‘ಅನುಮತಿಯಿಲ್ಲದೆ ನಕಲು ಮಾಡಕೂಡದು’ ಎಂದು ಕಣ್ಣು ಕೆಂಪಗೆ ಮಾಡುತ್ತದೆ. ಈ ಎರಡು ಸಾಲುಗಳನ್ನೂ ಒಟ್ಟಿಗೆ ನೋಡಿ ಸರಿಯಾಗಿದೆ ಎಂದು ಹನ್ನೊಂದು ಮಂದಿ ಸಹಿ ಹಾಕಿದ್ದಾರೆ.

ದೂರು ಕೊಡುವ ಸೌಲಭ್ಯವನ್ನೂ ಹೊಗಳದೆ ಇರಲಾರೆ. ಕೋಡ್ ನಮ್ಮದೇ ಎಂದು ರುಜುವಾತು ಮಾಡಲು ಅದರ ಇನ್ನೊಂದು ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕೆಂದಿತ್ತು. ಲಗತ್ತಿಸಿದೆ. ಆ ಅರ್ಜಿಗಳನ್ನೂ ಸಾರ್ವಜನಿಕರು ಓದಬಹುದೆಂದು ಆಮೇಲೆ ತಿಳಿಯಿತು. ನಾಲ್ಕನೆಯ ದಿನ ತಾವು ಎಲ್ಲವನ್ನೂ ತೆಗೆದುಹಾಕಿ, ‘ಅನನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ’ ಎಂದು ಬರೆದು ಕೈತೊಳೆದುಕೊಂಡಿರಿ. ಅಷ್ಟರಲ್ಲಿ ಸಾವಿರದ ಒಂಬೈನೂರು ಜನ ಪ್ರತಿ ಒಯ್ದಿದ್ದರು. ಉದಾರವಾಗಿ ಕೋಡ್ ದಾನ ಮಾಡಿದ್ದಕ್ಕೆಂದು ತಮ್ಮ ಯಂತ್ರವೊಂದು ನಮ್ಮಣ್ಣನ ಹೆಸರಿಗೆ ಮೆಚ್ಚುಗೆಯ ಪ್ರಮಾಣಪತ್ರವನ್ನೂ ಕಳಿಸಿತು.

ಇಷ್ಟೇ ಆಗಿದ್ದರೆ ನಾನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದೆ. ಬಾಗಿಲಿನ ಗುಟ್ಟು ಹೋದರೆ ಇನ್ನೊಂದು ಗುಟ್ಟು ಹುಡುಕಿಕೊಳ್ಳಬಹುದು.

ಕೋಡಿನಲ್ಲಿ ಯಂತ್ರ ಓದದೆ ಬಿಡುವ, ಮನುಷ್ಯರಿಗಾಗಿಯೇ ಬರೆದ ಟಿಪ್ಪಣಿಗಳಿರುತ್ತವೆ ಎಂಬುದು ತಮಗೆ ಗೊತ್ತು. ಪ್ರತಿ ತಿದ್ದುಪಡಿಗೂ ಕಾರಣ ಬರೆದೇ ಕಳಿಸಬೇಕೆಂದು ತಮ್ಮ ಒಪ್ಪಂದದಲ್ಲಿತ್ತು. ಮೂರು ವರ್ಷದಿಂದ ನಮ್ಮಣ್ಣನಿಗೆ ಮರೆವು. ನಾನು ದಿನಾ ಅವನಿಗಿಂತ ಒಂದು ಗಂಟೆ ಮುಂಚೆ ಬಂದು, ಹಿಂದಿನ ದಿನ ಅವನು ಬರೆದದ್ದನ್ನು ಓದಿ, ತಪ್ಪಿದ್ದಲ್ಲಿ ಸರಿಮಾಡಿ, ಅವನ ಕಂಪ್ಯೂಟರಿನಲ್ಲಿ ಗುರುತು ಉಳಿಯದಂತೆ ಇಡುತ್ತಿದ್ದೆ. ಕಾರಣಗಳನ್ನು ತಮಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಬರೆಯುತ್ತಿದ್ದೆ. ‘ಅಣ್ಣ ತೆರೆ ಅನ್ನೋ ಕಡೆ ಮುಚ್ಚು ಅಂತ ಬರೆದಿದ್ದಾನೆ, ಸರಿಮಾಡಿದೆ.’ ‘ಇದನ್ನ ಹೋದ ವಾರವೇ ಬರೆದಿದ್ದ, ಮರೆತು ಮತ್ತೆ ಬರೆದಿದ್ದಾನೆ, ಒಂದು ತೆಗೆದೆ.’ ‘ಅಣ್ಣನಿಗೆ ಗೊತ್ತಾಗಬಾರದು.’ ಇಂಥವು ಅರವತ್ಮೂರು. ಅತ್ತಿಗೆಗೂ ಹೇಳದ್ದನ್ನು ನಾನು ತಮಗೆ ಹೇಳಿದ್ದೆ. ಜಗತ್ತಿನಲ್ಲಿ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದವರು ತಾವೊಬ್ಬರೇ.

ಅಣ್ಣನ ಜೊತೆ ಹಿಂದೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರು ತಮ್ಮ ಭಂಡಾರದ ವಿಳಾಸವನ್ನು ಅವನಿಗೆ ಕಳಿಸಿ, ‘ಏನಯ್ಯಾ, ಲೋಕವೇ ನಿನ್ನ ಕೋಡ್ ಓದ್ತಿದೆ!’ ಎಂದು ಬೆನ್ನು ತಟ್ಟಿದರು. ಅಣ್ಣ ಹಿಗ್ಗಿನಿಂದ ಓದಲು ಕೂತವನು ಮಧ್ಯಾಹ್ನದವರೆಗೂ ಎದ್ದೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ಅರವತ್ಮೂರು ಸಲಾನಾ?’ ಎಂದ. ‘ಮೊದಲನೇ ಸಲವೇ ಹೇಳಬಾರದಿತ್ತೇನೇ’ ಎಂದು ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು, ಅವನು ಕೋಣೆಗೆ ಬಂದಿಲ್ಲ, ನನ್ನ ಫೋನ್ ಎತ್ತಿಲ್ಲ. ‘ಊಟ ಮಾಡ್ತಾರೆ, ಪೇಪರ್ ಓದ್ತಾರೆ, ನಿನ್ನ ಹೆಸರೆತ್ತಿದ್ರೆ ಎದ್ದು ಒಳಗೆ ಹೋಗ್ತಾರೆ’ ಎನ್ನುತ್ತಾರೆ ಅತ್ತಿಗೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೆಂದರೆ, ಆ ಸಾವಿರದ ಒಂಬೈನೂರು ಮಂದಿಯ ಮನೆಗಳಿಗೆ ತಮ್ಮ ಹನ್ನೊಂದು ಪರಿಶೀಲಕರನ್ನು ಕಾಲ್ನಡಿಗೆಯಲ್ಲಿ ಕಳಿಸಿ, ಓದಿದ್ದನ್ನು ಮರೆತುಬಿಡುವಂತೆ ಒಬ್ಬೊಬ್ಬರಿಂದಲೂ ಮೂವತ್ತೊಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಅದು ಕಷ್ಟವಾದರೆ ಒಬ್ಬನೇ ಒಬ್ಬ ಓದುಗ ಮರೆತರೂ ಸಾಕು. ಏನೇನನ್ನೋ ಮರೆಯುವ ಅವನು ಇದೊಂದನ್ನು ಮಾತ್ರ ಮರೆಯುತ್ತಿಲ್ಲ.

ಅದೂ ಆಗದೆಂದು ನನಗೆ ಗೊತ್ತು. ಹಾಗಾಗಿ ಇಷ್ಟು ಹೊತ್ತು ಬೈದ ಬಾಯಿಂದಲೇ ಬೇಡಿಕೊಳ್ಳುತ್ತೇನೆ: ತೆಗೆದುಹಾಕಿದ ಕೋಡನ್ನು ದಯವಿಟ್ಟು ಒಂದು ದಿನದ ಮಟ್ಟಿಗೆ ಮತ್ತೆ ಪ್ರಕಟಿಸಿ. ಅಣ್ಣ ದಿನಾ ಬೆಳಿಗ್ಗೆ ಆ ಪುಟವನ್ನು ತೆಗೆಯುತ್ತಾನಂತೆ, ‘ಇಲ್ಲ’ ಎಂದು ಬರುತ್ತದಂತೆ, ಮುಚ್ಚುತ್ತಾನಂತೆ. ನಾನು ಕಳಿಸುವ ಯಾವುದನ್ನೂ ಅವನು ತೆರೆಯುವುದಿಲ್ಲ. ಓದಿದರೆ ಅಲ್ಲೇ ಓದಬೇಕು. ನಿಧಾನವಾಗಿ ನಡೆಯುವವರಿಗೆ ಬಾಗಿಲು ಎಷ್ಟು ಹೊತ್ತು ಕಾಯಬೇಕೆಂದು ತಿಳಿಯಲು ಅವನು ಹೋದ ವರ್ಷ ಎಂಟು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟೂಲು ಹಾಕಿಕೊಂಡು, ಕೈಗಡಿಯಾರ ಹಿಡಿದು ಕೂತಿದ್ದ. ಆ ಭಾಗದಲ್ಲಿ ನಾನು ಒಂದಕ್ಷರ ಮುಟ್ಟಿಲ್ಲ, ಮುಟ್ಟುವ ಹಾಗೇ ಇರಲಿಲ್ಲ. ಅಂಥ ಜಾಗಗಳು ಇನ್ನೂ ನೂರಾರಿವೆ. ತಪ್ಪಿಗೆ ಮಾತ್ರ ಕಾರಣ ಬರೆಯಬೇಕೆಂದು ತಾವು ಕೇಳಿದಿರಿ. ಸರಿಯಿದ್ದಲ್ಲಿ ಒಂದು ಮಾತು ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಆದರೂ ನಾನು ಬರೆಯಲಿಲ್ಲ. ಅದನ್ನು ಈಗ ಆ ಜಾಗಗಳ ಪಕ್ಕದಲ್ಲೇ ಬರೆದು ತಮಗೆ ಕಳಿಸುತ್ತೇನೆ, ಆ ಪ್ರತಿಯನ್ನೇ ಪ್ರಕಟಿಸಿ, ಒಂದು ದಿನ ಸಾಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಆ ಅರವತ್ಮೂರು ಟಿಪ್ಪಣಿಗಳ ಲೇಖಕಿ

ಮರೆತ ಮಾತು: ತಮ್ಮ ಕೇಂದ್ರ ಕಚೇರಿಯ ಲಿಫ್ಟಿನ ಬಾಗಿಲನ್ನೂ ನಮ್ಮಣ್ಣನ ಕೋಡೇ ನಡೆಸುತ್ತದೆ. ಬಾಗಿಲು ಮುಚ್ಚುವ ಮುನ್ನ ನಡುವೆ ಯಾರಾದರೂ ಇದ್ದಾರೆಯೇ ಎಂದು ಅದು ಪ್ರತಿ ಸಲವೂ ಎರಡೆರಡು ಬಾರಿ ನೋಡುತ್ತದೆ. ಆ ಕಟ್ಟಡದಲ್ಲಿ ಹಾಗೆ ನೋಡುವುದು ಅದೊಂದೇ ಎಂದು ಕಾಣುತ್ತದೆ. ಸಾಧ್ಯವಾದರೆ ಅದನ್ನೇ ತಮ್ಮ ವಿಭಾಗದ ಹನ್ನೆರಡನೆಯ ಪರಿಶೀಲಕನನ್ನಾಗಿ ನೇಮಿಸಿಕೊಳ್ಳಿ.