ಆಲ್ಟ್ರೇಷನ್ ಆದ ಬ್ಯಾಟ್ಸ್‌ಮನ್

ಕಾರ್ಡಿನ ವಿಷಯದಲ್ಲಿ ನನ್ನ ಮಾನ ಹೋಗುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ತುಮಕೂರಿನಲ್ಲಿ ಒಂಬತ್ತನೇ ವಯಸ್ಸಿಗೆ ಶುರುವಾದದ್ದು, ಸ್ವೀಡನ್ನಿಗೆ ಬಂದು ತಲೆ ನರೆತ ಮೇಲೂ ನಿಂತಿಲ್ಲ.

ಏಳು ರನ್

ಆಗ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿತ್ತು. ಹಿಂಬದಿಯಲ್ಲಿ ಒಂದು, ನಾಲ್ಕು, ಆರು ಅಂತ ರನ್ ಅಚ್ಚಾಗಿರುತ್ತಿತ್ತು. ನೂರು ರನ್ ಕೂಡಿಸಿ ಅಂಗಡಿಯಲ್ಲಿ ತೋರಿಸಿದರೆ ಒಂದು ಚಿತ್ರದ ಪುಸ್ತಕ ಸಿಗುತ್ತಿತ್ತು. ನನ್ನದು ತೊಂಬತ್ನಾಲ್ಕಕ್ಕೆ ಬಂದು ನಿಂತುಬಿಟ್ಟಿತು. ಗಮ್ ಅಗಿದು ಅಗಿದು ದವಡೆ ನೋವು ಬಂದರೂ ಆರು ರನ್ ಹುಟ್ಟಲಿಲ್ಲ. ಕೊನೆಗೆ ಒಂದು ರನ್ನಿನ ಕಾರ್ಡು ತೆಗೆದು, ‘1’ರ ನೆತ್ತಿಗೆ ಪೆನ್ನಿನಿಂದ ಒಂದು ಗೆರೆ ಎಳೆದು ‘7’ ಮಾಡಿದೆ. ಸರಿಯಾಗಿ ನೂರಾಯಿತು.

ಅಂಗಡಿಯವರು ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ನೋಡಿದರು.

"ಲೆಕ್ಕ ಸರಿಯಾಗಿದೆ ಮರಿ. ಒಂದೇ ಬಾಲಿಗೆ ಏಳು ರನ್ ಹೊಡೆದೋನ್ನ ಕರ್ಕೊಂಡ್ ಬಾ, ಪುಸ್ತಕ ಅವನ ಕೈಗೇ ಕೊಡ್ತೀನಿ."

ನೀಲಿ ಗೀಟು

ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಯಾರ ಕಾರ್ಡನ್ನೂ ನಂಬಲಿಲ್ಲ. ಬದಲಾಯಿಸಿಕೊಳ್ಳುವ ಮುಂಚೆ ಟೈಲರ್ ಚಾಚಾ ಹತ್ತಿರ ತೋರಿಸಬೇಕು ಅಂತ ಕಾನೂನಾಯಿತು. ಅವರು ನನ್ನ ಪ್ರಾಣಸ್ನೇಹಿತನ ಅಪ್ಪ. ‘ಇಲ್ಲಿ ಆಲ್ಟ್ರೇಷನ್ ಮಾಡಿಕೊಡಲಾಗುವುದು’ ಎಂಬ ಬೋರ್ಡಿನ ಕೆಳಗೆ ಕೂತಿರುತ್ತಿದ್ದರು. ಕಾರ್ಡುಗಳನ್ನು ಇಟ್ಟುಕೊಂಡು, ಟೇಪಿನಲ್ಲಿ ನಾಲ್ಕೂ ಕಡೆ ಅಳೆದು, ಬೆಳಕಿಗೆ ಹಿಡಿದು, ಮಾರನೆಯ ದಿನ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಹಿಂಬದಿಗೆ ಒಂದು ನೀಲಿ ಗೀಟು ಎಳೆದು ಕೊಡುತ್ತಿದ್ದರು. ಆ ಗೀಟು ಬಿತ್ತೆಂದರೆ ಅದರ ಮೇಲೆ ಮಾತಿಲ್ಲ.

ಒಂದು ದಿನ ಅಮ್ಮ ನನ್ನ ಚಡ್ಡಿಯನ್ನು ಜೇಬಿನಲ್ಲಿದ್ದ ಕಾರ್ಡಿನ ಸಮೇತ ಒಗೆದುಬಿಟ್ಟಳು. ಅದರಲ್ಲಿದ್ದವನು ನನ್ನ ಮೆಚ್ಚಿನ ಬ್ಯಾಟ್ಸ್‌ಮನ್. ಮೂಲೆಗಳೆಲ್ಲ ಸುಲಿದು ಹೋಗಿದ್ದವು. ಅಳುತ್ತಾ ಚಾಚಾ ಹತ್ತಿರ ಹೋದೆ. ಬಿಟ್ಟು ಹೋಗು, ಇಸ್ತ್ರಿ ಹಾಕಿಡ್ತೀನಿ ಅಂದರು. ಮಾರನೆಯ ದಿನ ನೋಡಿದರೆ ಕಾರ್ಡು ನೆಟ್ಟಗಾಗಿತ್ತು, ಮೂಲೆಗಳು ಹೊಸದರಂತಿದ್ದವು, ಹಿಂದೆ ನೀಲಿ ಗೀಟೂ ಇತ್ತು. ನನಗಾದ ಸಂತೋಷ ಇಂದಿಗೂ ನೆನಪಿದೆ. ಆ ಸಲ ಯುಗಾದಿಗೆ ಚಾಚಾ ಹೊಲಿದುಕೊಟ್ಟ ಚಡ್ಡಿಗೆ ಮಾತ್ರ ಜೇಬೇ ಇರಲಿಲ್ಲ.

ಐಸಿಲ್ಲದ ಗೋಲ್‌ಕೀಪರ್

ಈಗ ನಾನು ವೆಸ್ಟೆರಾಸ್‌ನಲ್ಲಿ ಎಂಜಿನಿಯರ್. ಪಕ್ಕದ ಮೇಜಿನ ಸ್ವೀಡಿಷ್ ಸಹೋದ್ಯೋಗಿಗೆ ಹಳೇ ಐಸ್ ಹಾಕಿ ಕಾರ್ಡುಗಳ ಹುಚ್ಚು. ಫೀಕಾ ಅಂತ ಇಲ್ಲಿಯವರು ಕರೆಯುವ ಬಿಡುವಿನಲ್ಲಿ ಕಾಫಿ ಹಿಡಿದು ಕೂತರೆ ಅದೇ ಮಾತು. ಕೊಡುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವರೊಬ್ಬರು ಕಾರ್ಡು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರಂತೆ. ಆ ಡಬ್ಬಿಯನ್ನು ನಂಬಿದಷ್ಟು ಅವನು ಹವಾಮಾನ ವರದಿಯನ್ನೂ ನಂಬುವುದಿಲ್ಲ.

ನಮಗೂ ಒಬ್ಬರಿದ್ದರು, ಅವರ ನೀಲಿ ಗೀಟಿನ ಮುಂದೆ ನಿನ್ನ ಡಬ್ಬಿ ಯಾವ ಲೆಕ್ಕ ಅಂದೆ. ನಂಬಲಿ ಅಂತ ಮಾರನೆಯ ದಿನ ನನ್ನ ಬ್ಯಾಟ್ಸ್‌ಮನ್ನನ್ನೇ ತಂದು ತೋರಿಸಿದೆ. ಅವನು ಪ್ಯಾಡು, ಗ್ಲೌಸುಗಳನ್ನು ಗಂಭೀರವಾಗಿ ನೋಡಿದ.

"ಒಳ್ಳೇ ಗೋಲ್‌ಕೀಪರ್. ಆದರೆ ಐಸೆಲ್ಲಿ?"

ಹತ್ತಕ್ಕೆ ಹತ್ತು

ಹುರುಪಿನಲ್ಲಿ ಕಾರ್ಡನ್ನು ಪರೀಕ್ಷೆಗೆ ಕಳಿಸಿಯೇಬಿಟ್ಟೆ. ಎರಡೇ ದಿನಕ್ಕೆ ಅದಕ್ಕೊಂದು ನಂಬರ್ ಬಂತು. ನನಗೆ ಇಲ್ಲಿನ ಆಧಾರ್ ನಂಬರಿನಂಥ ಪರ್ಸನ್‌ನುಮ್ಮರ್ ಸಿಗಲು ಎಷ್ಟು ವಾರ ಹಿಡಿದಿತ್ತು ಅಂತ ಹೆಂಡತಿ ನೆನಪಿಸಿದಳು. ಇದನ್ನೆಲ್ಲ ಕೇಳಿಸಿಕೊಂಡ ಮಗಳು ತನ್ನ ಗೊಂಬೆ ಕಾರ್ಡೊಂದನ್ನು ಊಟದ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ‘10’ ಅಂತ ಬರೆದು ತಂದಳು. ಅಂಕ ಯಾರು ಕೊಟ್ಟರು ಅಂತ ಕೇಳಿದೆ. ನಾನೇ, ಅಂತ ಸ್ವೀಡಿಷಿನಲ್ಲಿ ಉತ್ತರ ಬಂತು. ಏಳು ರನ್ನಿನ ಕಥೆ ಗೊತ್ತಿದ್ದ ಹೆಂಡತಿ ನನ್ನ ಮುಖವನ್ನೇ ನೋಡಿದಳು.

ತೀರ್ಪು

ಕೊನೆಗೂ ಡಬ್ಬಿ ಬಂತು. ಅಂಕವಿಲ್ಲ. ‘ಆಲ್ಟರ್ಡ್’ ಅನ್ನುವ ಒಂದೇ ಪದ. ನಾಲ್ಕೂ ಅಂಚು ಕತ್ತರಿಸಿದ್ದಾರೆ ಅಂತ ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಸಹೋದ್ಯೋಗಿ ಕಾಫಿ ಕೆಳಗಿಟ್ಟು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ನಿಮ್ಮ ಟೈಲರ್ ನಿಮಗೆ ಮೋಸ ಮಾಡಿದ್ದಾನೆ ಅಂದ.

ನನಗೆ ನಿಜಕ್ಕೂ ಸಂಕಟವಾಯಿತು. ಕಾರ್ಡು ಹಾಳಾಗಿ ಹೋಗಲಿ. ಬಾಲ್ಯದಲ್ಲಿ ಕಣ್ಣು ಮುಚ್ಚಿ ನಂಬಿದ್ದು ಆ ಒಬ್ಬ ಮನುಷ್ಯನನ್ನು. ಅದೂ ಸುಳ್ಳೇ?

ಚಾಚಾ ಮಗ, ನನ್ನ ಆ ಗೆಳೆಯ, ಈಗ ಸ್ವೀಡನ್ನಿನದೇ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆ ಮಾಡುತ್ತಾನೆ. ಬೇಸಿಗೆ ಕಳೆಯಲು ಚಾಚಾ ಅವನ ಮನೆಗೇ ಬಂದಿದ್ದರು. ವಿಡಿಯೋ ಕಾಲ್ ಮಾಡಿ, ಚಾಚಾಗೆ ಗೊತ್ತಾಗುವುದು ಬೇಡ ಅಂತ ಮೆಲ್ಲಗೆ ವಿಷಯ ಹೇಳಿದೆ. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಫೋನನ್ನು ಸೀದಾ ಅಪ್ಪನ ಕಡೆ ತಿರುಗಿಸಿದ.

"ಅಬ್ಬಾಜಾನ್, ಇವನ ಕಾರ್ಡು ಆಲ್ಟರ್ ಆಗಿದೆ ಅಂತೆ."

ಚಾಚಾ ಮುಖ ಅರಳಿತು.

"ಹೂಂ, ನಾನೇ ಮಾಡಿದ್ದು. ಮೂಲೆ ಸುಲಿದಿತ್ತು, ಇವನು ಬೇರೆ ಅಳ್ತಿದ್ದ. ಸುತ್ತಲೂ ಅರ್ಧ ಅರ್ಧ ನೂಲಿನಷ್ಟು ಅಂಚು ಕತ್ತರಿಸ್ದೆ. ಬೋರ್ಡ್ ಮೇಲೇ ಬರೆಸಿದ್ನಲ್ಲಪ್ಪ, ಆಲ್ಟ್ರೇಷನ್ ಮಾಡ್ತೀವಿ ಅಂತ."

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. "ಅಲ್ಲಾ ಚಾಚಾ, ಅಳತೆ ಕಮ್ಮಿ ಇದ್ದಿದ್ದಕ್ಕೆ ನೀಲಿ ಗೀಟು ಹೆಂಗೆ ಹಾಕಿದ್ರಿ? ಅದು ತಪ್ಪಲ್ವಾ?"

"ತಪ್ಪೇ. ನನಗೂ ಸಮಾಧಾನ ಇರ್ಲಿಲ್ಲ. ನಿಂದೊಂದೇ ಚಿಕ್ಕದಾದ್ರೆ ಹುಡುಗ್ರು ನಿನ್ನನ್ನ ಬಿಡ್ತಿದ್ರಾ? ಅದಕ್ಕೇ ಆಮೇಲೆ ಯಾರ ಕಾರ್ಡು ಬಂದ್ರೂ ಅದೇ ಅಳತೆಗೆ ಕತ್ತರಿಸಿ ಗೀಟು ಹಾಕ್ದೆ. ಇಡೀ ಬೀದೀದು ಒಂದೇ ಸೈಜ್."

ನಾನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದೆ. ಗೆಳೆಯ ಮಾತ್ರ ನಗಲಿಲ್ಲ. ಅವನೂ ತನ್ನ ಹಳೇ ಕಾರ್ಡುಗಳನ್ನೆಲ್ಲ ಊರಿನಿಂದ ತರಿಸಿಕೊಂಡು, ಪರೀಕ್ಷೆಗೆ ಕಳಿಸಲು ಪ್ಯಾಕ್ ಮಾಡಿ ಇಟ್ಟಿದ್ದನಂತೆ.

"ಅಬ್ಬಾಜಾನ್, ನಂದೂನಾ?"

ಚಾಚಾ ಮಗನ ಕಡೆ ತಿರುಗಿ ನೋಡಿದರು.

"ಮತ್ತಿನ್ನೇನು? ಮಗ ಅಂತ ನಿಂದು ಬಿಟ್ಟಿದ್ರೆ ಅದು ಮೋಸ ಆಗ್ತಿತ್ತು."